ಪಹಣಿಯಲ್ಲಿ ಯಾರ ಹೆಸರು? ಮೊಬೈಲಿನಲ್ಲಿ ತೋಟ ಕೊಳ್ಳುವ ಮೊದಲು

ಹೋದ ಮಳೆಗಾಲದಲ್ಲಿ ನಮ್ಮ ಚಿಕ್ಕಪ್ಪನ ಮಗ ಫೋನ್ ಮಾಡಿದ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ, ವೈಟ್‌ಫೀಲ್ಡ್‌ನಲ್ಲಿ ಬಾಡಿಗೆ ಮನೆ. "ಅಣ್ಣಾ, ಸಕಲೇಶಪುರದ ಹತ್ತಿರ ಕಾಲು ಎಕರೆ ಕಾಫಿ ತೋಟ ನೋಡಿದೀನಿ. ಆನ್‌ಲೈನಲ್ಲೇ ಬುಕ್ ಮಾಡಬಹುದು. ಗೊಬ್ಬರ, ನೀರು, ಕೊಯ್ಲು ಎಲ್ಲ ಅವರೇ ನೋಡ್ಕೋತಾರಂತೆ" ಅಂದ. ನಾನು ಕೇಳಿದ್ದು ಒಂದೇ ಮಾತು: "ಸರ್ವೆ ನಂಬರ್ ಎಷ್ಟಪ್ಪಾ?" ಆ ಕಡೆ ಸದ್ದಿಲ್ಲ. ಅವನ ಹತ್ತಿರ ಪ್ಲಾಟ್ ನಂಬರ್ ಇತ್ತು. ಕ್ಲಬ್ ಹೌಸಿನ ಚಿತ್ರ ಇತ್ತು, ಈಜುಕೊಳ ಇತ್ತು, ಮಂಜು ಕವಿದ ಬೆಟ್ಟ ಇತ್ತು. ಸರ್ವೆ ನಂಬರ್, ಅಂದರೆ ಸರ್ಕಾರದ ದಾಖಲೆಯಲ್ಲಿ ಆ ಜಮೀನಿಗಿರುವ ನಂಬರ್ ಮಾತ್ರ ಇರಲಿಲ್ಲ.

ಕೈ ಕೆಸರಾದರೆ ಬಾಯಿ ಮೊಸರು ಅಂತ ನಮ್ಮ ಹಿರಿಯರು ಹೇಳುತ್ತಿದ್ದರು. ಈಗ ಕೆಸರು ಅವರಿಗೆ, ಮೊಸರು ನಿಮಗೆ ಅಂತ ಮಾರುವ ಆ್ಯಪ್‌ಗಳು ಬಂದಿವೆ. ಎಲ್ಲವೂ ಮೋಸ ಅಂತ ನಾನು ಹೇಳುತ್ತಿಲ್ಲ. ಕೆಲವರು ನಿಜಕ್ಕೂ ಚೆನ್ನಾಗಿಯೇ ತೋಟ ಮಾಡುತ್ತಾರೆ. ತೊಂದರೆ ಏನೆಂದರೆ, ಒಂದೇ ಥರದ ಚಂದದ ಚಿತ್ರ, ಒಂದೇ ಥರದ "ಈಗಲೇ ಹೂಡಿ" ಬಟನ್ ಹಿಂದೆ ಪೂರ್ತಿ ಬೇರೆ ಬೇರೆ ವಸ್ತುಗಳು ಮಾರಾಟಕ್ಕಿವೆ. ದುಡ್ಡು ಕೊಟ್ಟ ಮೇಲೆ ನಿಮ್ಮ ಕೈಯಲ್ಲಿ ಉಳಿಯುವ ಕಾಗದ ಯಾವುದು ಎಂಬುದರ ಮೇಲೆ ಮುಂದಿನದೆಲ್ಲ ನಿಂತಿದೆ.

ಮೊದಲನೆಯ ಬಗೆಯಲ್ಲಿ ನಿಜವಾಗಿ ಜಮೀನೇ ನಿಮಗೆ ಬರುತ್ತದೆ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಕ್ರಯಪತ್ರ ಆಗುತ್ತದೆ, ಖಾತೆ ನಿಮ್ಮ ಹೆಸರಿಗೆ ಏರುತ್ತದೆ. ಜೊತೆಗೆ ತೋಟ ನೋಡಿಕೊಳ್ಳಲು ಕಂಪನಿಯೊಂದಿಗೆ ಒಂದು ಕರಾರು. ಇದನ್ನೇ ಮ್ಯಾನೇಜ್ಡ್ ಫಾರ್ಮ್‌ಲ್ಯಾಂಡ್ ಅನ್ನುತ್ತಾರೆ. ಎರಡನೆಯದರಲ್ಲಿ ಜಮೀನು ಒಂದು ಕಂಪನಿ ಅಥವಾ ಎಲ್‌ಎಲ್‌ಪಿ (ಒಂದು ಬಗೆಯ ಪಾಲುದಾರಿಕೆ ಸಂಸ್ಥೆ) ಹೆಸರಿನಲ್ಲಿರುತ್ತದೆ, ನಿಮಗೆ ಅದರಲ್ಲಿ ಒಂದು ಪಾಲು. ಮೂರನೆಯದರಲ್ಲಿ ಜಮೀನಿನ ಮಾತೇ ಇಲ್ಲ. ಬೆಳೆಗೋ, ಪಾಲಿಹೌಸಿಗೋ, ಹಸುವಿಗೋ ನೀವು ಹಣ ಹಾಕುತ್ತೀರಿ, ಫಸಲು ಬಂದ ಮೇಲೆ ಇಷ್ಟು ಶೇಕಡಾ ಸೇರಿಸಿ ಕೊಡುತ್ತೇವೆ ಅನ್ನುತ್ತಾರೆ. ಮೂರಕ್ಕೂ ಜಾಹೀರಾತಿನಲ್ಲಿ ಒಂದೇ ಹೆಸರು: ಕೃಷಿಯಲ್ಲಿ ಹೂಡಿಕೆ.

ಕಾನೂನು ದಾರಿ ಬಿಟ್ಟಿದ್ದು

ಇಪ್ಪತ್ತು ವರ್ಷದ ಹಿಂದೆ ಬೆಂಗಳೂರಿನ ಸಂಬಳದಾರ ಕನಕಪುರದಲ್ಲೋ ಮಾಗಡಿಯಲ್ಲೋ ಹೊಲ ಕೊಳ್ಳುವುದು ಸುಲಭ ಇರಲಿಲ್ಲ. 1961ರ ಕರ್ನಾಟಕ ಭೂಸುಧಾರಣಾ ಕಾಯ್ದೆಯಲ್ಲಿ 79ಎ, 79ಬಿ ಅಂತ ಎರಡು ಕಲಂಗಳಿದ್ದವು. ಬೇಸಾಯವಲ್ಲದ ಆದಾಯ ಒಂದು ಮಿತಿ ದಾಟಿದವರು ಕೃಷಿ ಜಮೀನು ಕೊಳ್ಳುವಂತಿಲ್ಲ ಅಂತ ಮೊದಲನೆಯದು ಹೇಳುತ್ತಿತ್ತು. ಆ ಮಿತಿ ತುಂಬ ಕಾಲ ವರ್ಷಕ್ಕೆ 2 ಲಕ್ಷ ಇತ್ತು, 2015ರಲ್ಲಿ 25 ಲಕ್ಷಕ್ಕೆ ಏರಿತು. ಕಂಪನಿ, ಟ್ರಸ್ಟುಗಳು ಕೃಷಿ ಜಮೀನು ಇಟ್ಟುಕೊಳ್ಳುವಂತಿಲ್ಲ ಅಂತ ಎರಡನೆಯದು. 80ನೇ ಕಲಂ ಪ್ರಕಾರ ರೈತನಲ್ಲದವನಿಗೆ ಜಮೀನು ಮಾರುವಂತೆಯೇ ಇರಲಿಲ್ಲ. ಅದಕ್ಕೇ ಎಷ್ಟೋ ಬೆಂಗಳೂರಿಗರು ಗಡಿ ದಾಟಿ ಡೆಂಕಣಿಕೋಟೆ, ಹಿಂದೂಪುರದ ಕಡೆ ಹೋಗುತ್ತಿದ್ದರು. ತಮಿಳುನಾಡು, ಆಂಧ್ರಗಳಲ್ಲಿ ಕೊಳ್ಳುವವನು ರೈತನೇ ಆಗಿರಬೇಕು ಎಂಬ ಕಟ್ಟು ಇಲ್ಲ.

2020ರಲ್ಲಿ ಇಲ್ಲಿ ಬಾಗಿಲು ತೆರೆಯಿತು. ಮೊದಲು ಸುಗ್ರೀವಾಜ್ಞೆ, ಡಿಸೆಂಬರಿನಲ್ಲಿ ತಿದ್ದುಪಡಿ. 79ಎ, 79ಬಿ ಎರಡೂ ಹೋದವು. ಒಬ್ಬರು ಎಷ್ಟು ಜಮೀನು ಇಟ್ಟುಕೊಳ್ಳಬಹುದು ಎಂಬ ಗರಿಷ್ಠ ಮಿತಿ ಮಾತ್ರ ಈಗಲೂ ಇದೆ. ಆದರೆ ಕಾಲು ಎಕರೆ ಕೊಳ್ಳುವವನಿಗೆ ಅದು ತಾಗುವುದಿಲ್ಲ. ರೈತ ಸಂಘಟನೆಗಳು ಆಗ ಬೀದಿಗಿಳಿದಿದ್ದವು, ಹೊಲವೆಲ್ಲ ದುಡ್ಡಿದ್ದವರ ಪಾಲಾಗುತ್ತದೆ ಅಂತ. ಆ ಮಾತಿನಲ್ಲಿ ಸತ್ಯ ಇಲ್ಲ ಅಂತ ನನಗೆ ಅನ್ನಿಸುವುದಿಲ್ಲ. ಆದರೆ ಈ ಬರಹ ಕೊಳ್ಳುವವನ ಕಡೆಯದು.

ಈಗ ಕೊಳ್ಳಬಹುದು ಸರಿ. ಏನು ಕೊಳ್ಳುತ್ತಿದ್ದೀರಿ ಎಂಬುದನ್ನು ನೋಡೋಣ. ಒಂದು ಎಕರೆಗೆ 40 ಗುಂಟೆ. ಕಾಲು ಎಕರೆ ಅಂದರೆ 10 ಗುಂಟೆ, 10,890 ಚದರ ಅಡಿ. ಕಂಪನಿ ನಾಲ್ಕು ಎಕರೆಯ ಒಂದು ಸರ್ವೆ ನಂಬರನ್ನು ಹದಿನಾರು ತುಂಡು ಮಾಡಿ ಮಾರುತ್ತದೆ ಅಂತಿಟ್ಟುಕೊಳ್ಳಿ. (ಅಸಲಿಗೆ ನಡುವೆ ದಾರಿ ಬಿಡಬೇಕು, ಹದಿನಾರು ಆಗುವುದಿಲ್ಲ. ಆ ದಾರಿಯ ಕಥೆ ಆಮೇಲೆ.) ಬ್ರೋಷರಿನಲ್ಲಿ ಹದಿನಾರು ಪ್ಲಾಟ್ ಕಾಣುತ್ತವೆ. ಸರ್ಕಾರದ ಲೆಕ್ಕದಲ್ಲಿ ಇರುವುದು ಒಂದೇ ಸರ್ವೆ ನಂಬರ್. ಸರ್ವೆಯರ್ ಬಂದು ಅಳೆದು 11ಇ ನಕ್ಷೆ (ಮಾರುವ ತುಂಡಿನ ಅಳತೆಯ ನಕ್ಷೆ) ಮಾಡಿ, ಆ ನಕ್ಷೆಯಂತೆ ಕ್ರಯ ಆಗಿ, ಪೋಡಿ ಆಗಿ, ಅಂದರೆ ದಾಖಲೆಯಲ್ಲೂ ತುಂಡು ಬೇರೆಯಾಗಿ, ಹೊಸ ಹಿಸ್ಸಾ ನಂಬರ್ (ಉಪ ಸರ್ವೆ ನಂಬರ್) ಬಂದರೆ ಮಾತ್ರ ಆ ತುಂಡು ನಿಮ್ಮದು ಅಂತ ಬೆರಳಿಟ್ಟು ತೋರಿಸಬಹುದು. ಅದಿಲ್ಲದೆ ಹದಿನಾರು ಜನರ ಹೆಸರನ್ನು ಜಂಟಿಯಾಗಿ ಪಹಣಿಗೆ (ಜಮೀನಿನ ಕಂದಾಯ ದಾಖಲೆಗೆ) ಏರಿಸಿಬಿಟ್ಟರೆ, ನಿಮ್ಮ ಹತ್ತು ಗುಂಟೆ ಯಾವ ಮೂಲೆಯಲ್ಲಿದೆ ಎಂಬುದು ಕಂಪನಿಯ ನಕ್ಷೆಗೆ ಗೊತ್ತು, ಕಂದಾಯ ಇಲಾಖೆಗೆ ಗೊತ್ತಿಲ್ಲ. ನಾಳೆ ಒಬ್ಬ ಮಾರಬೇಕು ಅಂದರೂ ಉಳಿದ ಹದಿನೈದು ಜನರ ಜೊತೆ ಮಾತಾಡಬೇಕು. ಅಣ್ಣ ತಮ್ಮಂದಿರ ಮಧ್ಯೆಯೇ ಪೋಡಿ ಆಗದೆ ಕೋರ್ಟಿಗೆ ಹೋದ ಜಮೀನು ಎಷ್ಟಿಲ್ಲ? ಇವರಾದರೋ ಒಬ್ಬರ ಮುಖ ಒಬ್ಬರು ನೋಡದವರು.

ಪಹಣಿ ಓದುವುದು ದೊಡ್ಡ ವಿದ್ಯೆಯೇನಲ್ಲ. 2000ದ ಸುಮಾರಿಗೆ ಭೂಮಿ ಯೋಜನೆ ಬಂದು ಪಹಣಿ ಕಂಪ್ಯೂಟರಿಗೆ ಹೋಯಿತು. ಈಗ ಜಿಲ್ಲೆ, ತಾಲೂಕು, ಹೋಬಳಿ, ಊರು, ಸರ್ವೆ ನಂಬರ್ ಗೊತ್ತಿದ್ದರೆ ಮನೆಯಲ್ಲೇ ಕೂತು ನೋಡಬಹುದು. 9ನೇ ಕಲಮಿನಲ್ಲಿ ಯಾರ ಹೆಸರಿದೆ, 11ರಲ್ಲಿ ಏನು ಋಣ, ಏನು ತಕರಾರು ಬರೆದಿದೆ, ಈ ಎರಡು ಸಾಲು ಓದಿದರೇ ಅರ್ಧ ವಿಷಯ ತಿಳಿಯುತ್ತದೆ. ಬ್ಯಾಂಕ್ ಸಾಲ ಇದ್ದರೆ 11ರಲ್ಲಿ ಬಂದಿರುತ್ತದೆ. ಕೋರ್ಟಿನ ತಡೆಯಾಜ್ಞೆ ಇದ್ದರೂ ಅಲ್ಲಿಯೇ. ಮೇಲೆ ವಿಸ್ತೀರ್ಣದ ಜಾಗದಲ್ಲಿ ಖರಾಬು ಎಷ್ಟು ಅಂತ ಇರುತ್ತದೆ. ಎ ಖರಾಬು ಅಂದರೆ ಬಂಡೆ, ಕೊರಕಲು, ಬೇಸಾಯಕ್ಕೆ ಆಗದ ಜಾಗ. ಬಿ ಖರಾಬು ಅಂದರೆ ದಾರಿ, ಹಳ್ಳ, ಸ್ಮಶಾನದಂಥ ಸಾರ್ವಜನಿಕ ಜಾಗ. ಅದು ಸರ್ಕಾರದ್ದು, ಮಾರಲು ಯಾರಿಗೂ ಹಕ್ಕಿಲ್ಲ. ನಾಲ್ಕು ಎಕರೆಯಲ್ಲಿ ಹತ್ತು ಗುಂಟೆ ಬಿ ಖರಾಬು ಇದ್ದು, ಆ ಹತ್ತು ಗುಂಟೆಯೇ "ಹಳ್ಳದ ಪಕ್ಕದ ಪ್ರೀಮಿಯಂ ಪ್ಲಾಟ್" ಆಗಿ ನಿಮಗೆ ಬಂದರೆ?

ಆದರೆ ಪಹಣಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಮಾಲೀಕ ಆಗುವುದಿಲ್ಲ. ಅದು ಕಂದಾಯದ ದಾಖಲೆ. ಹಕ್ಕು ಬರುವುದು ಕ್ರಯ, ವಿಭಾಗ, ದಾನ, ಮಂಜೂರಾತಿ, ಇಂಥ ಮೂಲದಿಂದ. ನೋಂದಣಿ ಆಯಿತು ಅಂದರೂ ಸರ್ಕಾರ ನಿಮ್ಮ ಹಕ್ಕಿಗೆ ಜಾಮೀನು ನಿಂತಂತೆ ಅಲ್ಲ. ನಮ್ಮ ದೇಶದ ಪದ್ಧತಿಯೇ ಹಾಗೆ. ಅದಕ್ಕೇ ವಕೀಲರು ಮೂವತ್ತು ವರ್ಷದ ಹಿಂದಿನಿಂದ ಮೂಲಪತ್ರ, ಮ್ಯುಟೇಶನ್ (ಖಾತೆ ಬದಲಾವಣೆಯ ದಾಖಲೆ), ಇಸಿ (ಋಣಭಾರ ಪತ್ರ), ವಂಶವೃಕ್ಷ ಎಲ್ಲ ಕೇಳುವುದು. ಮಾರಿದ ಅಣ್ಣನಿಗೆ ಮೂವರು ತಂಗಿಯರಿದ್ದು ಅವರ ಸಹಿ ಇಲ್ಲದೆ ಕ್ರಯ ಆಗಿದ್ದರೆ, ಇಪ್ಪತ್ತು ಕೈ ಬದಲಾದ ಮೇಲೂ ಆ ಮುಳ್ಳು ಹಾಗೇ ಇರುತ್ತದೆ.

ಇನ್ನೂ ಒಂದು ಮುಳ್ಳಿದೆ. ಅದು ಎಷ್ಟು ಹಳೆಯದಾದರೂ ಮೊನೆ ಮುರಿಯುವುದಿಲ್ಲ. ಸರ್ಕಾರ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ಮಂಜೂರು ಮಾಡಿದ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಮಾರುವಂತಿಲ್ಲ. 1978ರ ಪಿಟಿಸಿಎಲ್ ಕಾಯ್ದೆ ಇದು. ಹಾಗೆ ಮಾರಿದ್ದರೆ ಆ ಮಾರಾಟವೇ ಅನೂರ್ಜಿತ, ಜಮೀನು ಮೂಲ ಕುಟುಂಬಕ್ಕೆ ವಾಪಸ್. ಬಹಳ ವರ್ಷ ತಡವಾಗಿ ಅರ್ಜಿ ಹಾಕಿದರೆ ನಡೆಯುವುದಿಲ್ಲ ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. 2023ರಲ್ಲಿ ರಾಜ್ಯ ಸರ್ಕಾರ ತಿದ್ದುಪಡಿ ತಂದು, ಅರ್ಜಿಗೆ ಕಾಲಮಿತಿ ಇಲ್ಲ ಅಂತ ಸ್ಪಷ್ಟ ಮಾಡಿತು. ಬಡವನ ಕೈಯಿಂದ ಜಮೀನು ಕಿತ್ತುಕೊಳ್ಳದಿರಲಿ ಅಂತ ಮಾಡಿದ ಕಾನೂನು, ಒಳ್ಳೆಯ ಕಾನೂನು. ಕೊಳ್ಳುವವನು ಮಾಡಬೇಕಾದ್ದು ಇಷ್ಟೇ. ಈ ಜಮೀನು ಯಾವತ್ತಾದರೂ ಮಂಜೂರಾದದ್ದೇ, ಯಾರಿಗೆ ಅಂತ ತಾಲೂಕು ಕಚೇರಿಯ ಹಳೇ ಕಡತದವರೆಗೂ ಹೋಗಿ ನೋಡಬೇಕು. ಯಾವ ಆ್ಯಪೂ ಇದನ್ನು ನಿಮಗಾಗಿ ತಾನಾಗಿ ಹೇಳುವುದಿಲ್ಲ.

ದಾರಿಯ ಕಥೆ ಬಾಕಿ ಇದೆ, ಅಲ್ವಾ? ಒಳಗಿನ ರಸ್ತೆ, ಕೊಳವೆಬಾವಿ, ಕ್ಲಬ್ ಹೌಸ್ ಇರುವ ಜಾಗ ಬಹಳ ಕಡೆ ಕಂಪನಿಯ ಹೆಸರಿನಲ್ಲೇ ಉಳಿಯುತ್ತದೆ. ಕಂಪನಿ ಮುಚ್ಚಿದರೆ ಗೇಟಿನ ಬೀಗದ ಕೈ ಯಾರ ಹತ್ತಿರ? ಕ್ರಯಪತ್ರದ ಚಕ್ಕುಬಂದಿಯಲ್ಲಿ (ನಾಲ್ಕು ಕಡೆಯ ಗಡಿಯ ವಿವರದಲ್ಲಿ) ದಾರಿ ಬರೆದಿದೆಯೇ, ಓಡಾಡುವ ಹಕ್ಕು ಬರೆದಿದೆಯೇ ನೋಡಿಕೊಳ್ಳಿ. ಮನೆ ಕಟ್ಟುವ ಆಸೆ ಇದ್ದರೆ ಇನ್ನೂ ಹುಷಾರು. ಕೃಷಿ ಜಮೀನಿನಲ್ಲಿ ಬೇಸಾಯಕ್ಕೆ ಬೇಕಾದ ಸಣ್ಣ ತೋಟದ ಮನೆಗೆ ಅವಕಾಶ ಇದೆ. ಹತ್ತು ಗುಂಟೆಯ ತುಂಬ ವಿಲ್ಲಾ ಕಟ್ಟಲು ಭೂಪರಿವರ್ತನೆ ಆಗಬೇಕು. ಪರಿವರ್ತನೆ ಆಗದೆ ಸೈಟಿನಂತೆ ಮಾರುವುದು ಅಂದರೆ ಹಳೇ ರೆವಿನ್ಯೂ ಸೈಟಿಗೆ ಹಸಿರು ಬಣ್ಣ ಬಳಿದಂತೆ. ಮಾರುವವರು ಇದು ಕೃಷಿ ಜಮೀನು ಅನ್ನುತ್ತಾರೆ, ಹಾಗಾಗಿ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿಯೂ ಬೇಡ ಅನ್ನುತ್ತಾರೆ. ಅಪಾರ್ಟ್‌ಮೆಂಟ್ ಕೊಂಡವನಿಗೆ ದೂರು ಕೊಡಲು ಇರುವ ಆ ಕಟ್ಟೆ ನಿಮಗೆ ಇರುವುದಿಲ್ಲ.

ಅಮೆರಿಕದ ಬೀಜ, ನಮ್ಮ ಮಣ್ಣು

ಆನ್‌ಲೈನ್ ಹೂಡಿಕೆಯ ಈ ಯೋಚನೆ ಚೆನ್ನಾಗಿ ಬೇರೂರಿದ್ದು ಅಮೆರಿಕದಲ್ಲಿ. ಅಲ್ಲಿ ಏಕರ್‌ಟ್ರೇಡರ್, ಫಾರ್ಮ್‌ಟುಗೆದರ್ ಥರದ ವೇದಿಕೆಗಳಿವೆ. ಒಂದೊಂದು ಫಾರ್ಮಿಗೂ ಒಂದೊಂದು ಎಲ್‌ಎಲ್‌ಸಿ (ಅಲ್ಲಿನ ಒಂದು ಬಗೆಯ ಕಂಪನಿ) ಮಾಡುತ್ತಾರೆ, ಹೂಡಿದವರಿಗೆ ಅದರಲ್ಲಿ ಪಾಲು ಕೊಡುತ್ತಾರೆ. ಸಾಮಾನ್ಯವಾಗಿ ಎಲ್ಲರಿಗೂ ಪ್ರವೇಶ ಇಲ್ಲ. ವರ್ಷಕ್ಕೆ 2 ಲಕ್ಷ ಡಾಲರ್ ಆದಾಯ ಅಥವಾ ವಾಸದ ಮನೆ ಬಿಟ್ಟು 10 ಲಕ್ಷ ಡಾಲರ್ ಆಸ್ತಿ ಇದ್ದವರಿಗೆ ಮಾತ್ರ. ಹಣ ಐದು, ಹತ್ತು ವರ್ಷ ಕಟ್ಟಿಹಾಕಿದಂತೆ. ಷೇರುಪೇಟೆಯಲ್ಲೇ ಕೊಳ್ಳಬೇಕೆಂದರೆ ಗ್ಲ್ಯಾಡ್‌ಸ್ಟೋನ್ ಲ್ಯಾಂಡ್, ಫಾರ್ಮ್‌ಲ್ಯಾಂಡ್ ಪಾರ್ಟ್‌ನರ್ಸ್ ಎಂಬ ಎರಡು ಕಂಪನಿಗಳೂ ಇವೆ, ಒಂದು 2013ರಲ್ಲಿ ಪೇಟೆಗೆ ಬಂದಿದ್ದು, ಇನ್ನೊಂದು 2014ರಲ್ಲಿ.

ಅಲ್ಲಿ ಆದಾಯ ಎಲ್ಲಿಂದ ಬರುತ್ತದೆ ನೋಡಿ. ಬಹುಪಾಲು ಗೇಣಿಯಿಂದ. ನೂರಾರು ಎಕರೆ ಮೆಕ್ಕೆಜೋಳ, ಸೋಯಾ ಬೆಳೆಯುವ ರೈತ ಜಮೀನನ್ನು ಬಾಡಿಗೆಗೆ ಪಡೆದು ಉಳುತ್ತಾನೆ, ಬಾಡಿಗೆ ಕಟ್ಟುತ್ತಾನೆ. ಮಳೆ ಬರಲಿ ಬಿಡಲಿ, ಒಪ್ಪಂದದ ಬಾಡಿಗೆ ಬರಬೇಕು. ಹೂಡಿಕೆದಾರನಿಗೆ ಸಿಗುವುದು ಅದರ ಪಾಲು.

ಈ ಮಾದರಿಯ ನಡುಗಂಬವೇ ಕರ್ನಾಟಕದಲ್ಲಿ ಇಲ್ಲ. ದೇವರಾಜ ಅರಸರ ಕಾಲದ ಭೂಸುಧಾರಣೆ ನಮಗೆಲ್ಲ ಗೊತ್ತು, ಉಳುವವನೇ ಹೊಲದೊಡೆಯ. 1974ರ ಮಾರ್ಚ್ 1ರಿಂದ ಕೃಷಿ ಜಮೀನನ್ನು ಗೇಣಿಗೆ ಕೊಡುವುದನ್ನು ಕಾನೂನು ನಿಲ್ಲಿಸಿತು. ಸೈನಿಕರಂಥ ಕೆಲವರಿಗೆ ಮಾತ್ರ ವಿನಾಯಿತಿ. ಊರಲ್ಲಿ ವಾರಕ್ಕೋ ಕೋರಿಗೋ, ಅಂದರೆ ಫಸಲಿನ ಪಾಲಿಗೆ, ಕೊಡುವುದು ಬಾಯಿಮಾತಿನಲ್ಲಿ ಈಗಲೂ ನಡೆಯುತ್ತದೆ, ಆ ಮಾತು ಬೇರೆ. 2020ರಲ್ಲಿ ಕೊಳ್ಳುವ ಬಾಗಿಲು ತೆರೆಯಿತೇ ಹೊರತು ಈ ಬಾಗಿಲು ತೆರೆಯಲಿಲ್ಲ. ಹಾಗಾಗಿ ನಿಮ್ಮ ತೋಟ ನೋಡಿಕೊಳ್ಳುವ ಕಂಪನಿ ನಿಮ್ಮ ಗೇಣಿದಾರ ಆಗುವುದಿಲ್ಲ. ಅದು ಕೂಲಿಗೆ ಬಂದ ಮೇಸ್ತ್ರಿ. ಕರಾರಿನ ತಲೆಬರಹದಲ್ಲಿ "ನಿರ್ವಹಣೆ" ಅಂತ ಇರುವುದು ಅದಕ್ಕೇ. ಬೆಳೆ ಹೋದರೆ ನಷ್ಟ ನಿಮ್ಮದು, ಮೇಸ್ತ್ರಿಯ ಸಂಬಳ ಮಾತ್ರ ತಪ್ಪುವಂತಿಲ್ಲ. ಮೊದಲ ಎರಡು ಮೂರು ವರ್ಷ ನಿರ್ವಹಣೆ ಉಚಿತ ಅಂತ ಹೇಳಿದ್ದರೆ, ನಾಲ್ಕನೇ ವರ್ಷದ ಲೆಕ್ಕ ಯಾವ ಪುಟದಲ್ಲಿದೆ ಅಂತ ಹುಡುಕಿ ಓದಿ.

ಪಾಲು ಕೊಂಡವರ ಕಥೆ

ಎರಡನೆಯ, ಮೂರನೆಯ ಬಗೆಗೆ ಬರೋಣ. ಇಲ್ಲಿ ನಿಮ್ಮ ಹೆಸರು ಪಹಣಿಯಲ್ಲಿ ಇರುವುದೇ ಇಲ್ಲ. ಹಾಗಾಗಿ ಇದು ಜಮೀನಿನ ವ್ಯವಹಾರಕ್ಕಿಂತ ಹಣದ ವ್ಯವಹಾರ. ಇಂಥ ಹಣದ ವ್ಯವಹಾರವನ್ನು ಷೇರುಪೇಟೆ, ಹೂಡಿಕೆಗಳ ನಿಯಂತ್ರಕ ಸಂಸ್ಥೆ ಸೆಬಿ ನೋಡುತ್ತದೆ.

ಸೆಬಿ ಕಾಯ್ದೆಯ 11ಎಎ ಕಲಂ ನೇರವಾಗಿದೆ. ಹಲವರ ಹಣವನ್ನು ಒಟ್ಟುಗೂಡಿಸಿ ಒಂದು ಯೋಜನೆಗೆ ಹಾಕುತ್ತಾರೆ. ಹಾಕಿದವರು ಲಾಭಕ್ಕೋ ಫಸಲಿಗೋ ಆಸ್ತಿಗೋ ಕಾಯುತ್ತಾರೆ. ಅವರ ಪರವಾಗಿ ಬೇರೆ ಯಾರೋ ಅದನ್ನು ನಡೆಸುತ್ತಾರೆ. ದಿನದಿನದ ಹಿಡಿತ ಹಾಕಿದವರ ಕೈಯಲ್ಲಿ ಇರುವುದಿಲ್ಲ. ಈ ನಾಲ್ಕೂ ಇದ್ದರೆ ಅದು ಸಾಮೂಹಿಕ ಹೂಡಿಕೆ ಯೋಜನೆ, ಸೆಬಿಯ ನೋಂದಣಿ ಬೇಕೇ ಬೇಕು. ಈ ನಾಲ್ಕು ಮಾತನ್ನು ನಿಮ್ಮ ಫೋನಿನ ಆ್ಯಪಿನ ಪಕ್ಕದಲ್ಲಿಟ್ಟು ಓದಿ ನೋಡಿ.

ಈ ಕಾನೂನು ಸುಮ್ನೆ ಬಂದದ್ದಲ್ಲ. ತೊಂಬತ್ತರ ದಶಕದಲ್ಲಿ ತೇಗದ ಹುಚ್ಚು ಇತ್ತು, ನಿಮ್ಮ ಮನೆಯ ಹಿರಿಯರಿಗೆ ನೆನಪಿರಬಹುದು. ಒಂದು ತೇಗದ ಗಿಡಕ್ಕೆ ಇಷ್ಟು ಕಟ್ಟಿ, ಇಪ್ಪತ್ತು ವರ್ಷಕ್ಕೆ ಇಷ್ಟು ಲಕ್ಷ. ಚೆನ್ನೈನ ಅನುಭವ್ ಪ್ಲಾಂಟೇಶನ್ಸ್ ಆ ಕಾಲದ ದೊಡ್ಡ ಹೆಸರು. ದಶಕ ಮುಗಿಯುವ ಮೊದಲೇ ಅದು ಕುಸಿಯಿತು. 1999ರಲ್ಲಿ ಸೆಬಿ ಇಂಥ ಯೋಜನೆಗಳಿಗೆ ನಿಯಮ ತಂದಿತು.

ಅದಕ್ಕಿಂತ ದೊಡ್ಡದು ಪಿಎಸಿಎಲ್. ಇದು ಮಾರಿದ್ದು ಕೃಷಿ ಜಮೀನನ್ನೇ, ಅದೂ ಕಂತಿನಲ್ಲಿ. ಏಜೆಂಟರು ಮನೆಮನೆಗೆ ಹೋಗಿ ಹಣ ಎತ್ತಿದರು. ಕಾಗದದಲ್ಲಿ ಇಷ್ಟು ಚದರ ಗಜ ಜಮೀನು ಅಂತ ಇರುತ್ತಿತ್ತು. ಕಟ್ಟಿದವನು ಆ ಜಮೀನನ್ನು ನೋಡಿರುತ್ತಿರಲಿಲ್ಲ, ಅವನಿಗೆ ಬೇಕಿದ್ದದ್ದು ಕೊನೆಯಲ್ಲಿ ಬರುವ ದುಡ್ಡು. ನಾವು ಜಮೀನು ಮಾರುವವರು, ಸೆಬಿಗೂ ನಮಗೂ ಸಂಬಂಧವಿಲ್ಲ ಅಂತ ಕಂಪನಿ ವರ್ಷಗಟ್ಟಲೆ ಕೋರ್ಟಿನಲ್ಲಿ ವಾದಿಸಿತು. 2013ರಲ್ಲಿ ಸುಪ್ರೀಂ ಕೋರ್ಟ್ ಸೆಬಿಗೆ ದಾರಿ ಬಿಟ್ಟುಕೊಟ್ಟಿತು. 2014ರ ಆಗಸ್ಟ್‌ನಲ್ಲಿ ಸೆಬಿ ಆದೇಶ ಬಂತು: ಎತ್ತಿದ ಹಣ ವಾಪಸ್ ಕೊಡಿ. ಎಷ್ಟು ಅಂದರೆ 49,100 ಕೋಟಿ ರೂಪಾಯಿ. ಹಣ ಕಟ್ಟಿದವರು ಸುಮಾರು 5.85 ಕೋಟಿ ಜನ. 2016ರಲ್ಲಿ ಸುಪ್ರೀಂ ಕೋರ್ಟ್ ನಿವೃತ್ತ ಮುಖ್ಯ ನ್ಯಾಯಮೂರ್ತಿ ಆರ್.ಎಂ. ಲೋಧಾ ಅವರ ಸಮಿತಿಯನ್ನು ನೇಮಿಸಿತು, ಜಮೀನು ಮಾರಿ ಜನರಿಗೆ ಹಣ ಕೊಡಲು. ಸಮಿತಿ ಮೊದಲು 2,500 ರೂಪಾಯಿವರೆಗಿನವರಿಂದ ಶುರು ಮಾಡಿ, ಹಂತ ಹಂತವಾಗಿ ಮೇಲಕ್ಕೆ ಹೋಗಬೇಕಾಯಿತು. ಜಮೀನು ಇತ್ತು. ಆದರೆ ಅದರ ಕಾಗದ ಸರಿ ಮಾಡಿ, ಹರಾಜು ಹಾಕಿ, ದುಡ್ಡು ಮಾಡುವುದು ಎಷ್ಟು ಕಷ್ಟ ಅಂತ ಆಗ ಗೊತ್ತಾಯಿತು.

ಇದು ಆ್ಯಪ್ ಇಲ್ಲದ ಕಾಲದ ಕಥೆ ಅಂತೀರಾ? 2024ರ ಜನವರಿಯಲ್ಲಿ ಸೆಬಿ ಗ್ರೋಪಿಟಲ್ ಎಂಬ ಆನ್‌ಲೈನ್ ವೇದಿಕೆಯ ಮೇಲೆ ಮಧ್ಯಂತರ ಆದೇಶ ಹೊರಡಿಸಿ, ಹೊಸದಾಗಿ ಹಣ ಎತ್ತುವುದನ್ನು ತಡೆಯಿತು. ಅಲ್ಲಿ ಹೂಡಿದವರು ಎಲ್‌ಎಲ್‌ಪಿಯ ಪಾಲುದಾರರಾಗುತ್ತಿದ್ದರು. ಕೃಷಿ ಆದಾಯಕ್ಕೆ ತೆರಿಗೆ ಇಲ್ಲ, ಎಲ್‌ಎಲ್‌ಪಿಯಿಂದ ಪಾಲುದಾರನಿಗೆ ಬರುವ ಲಾಭಕ್ಕೂ ಅವನ ಕೈಯಲ್ಲಿ ತೆರಿಗೆ ಇಲ್ಲ. ಹಾಗಾಗಿ ತೆರಿಗೆಯಿಲ್ಲದ ಲಾಭ ಅಂತ ಪ್ರಚಾರ. ಮೇಲ್ನೋಟಕ್ಕೆ ಇದು ನೋಂದಣಿಯಿಲ್ಲದ ಸಾಮೂಹಿಕ ಹೂಡಿಕೆ ಯೋಜನೆ ಅಂತ ಸೆಬಿ ಹೇಳಿತು. ಪಾಲುದಾರ ಎಂಬ ಹೆಸರು ಕೊಟ್ಟರೂ ಹಿಡಿತ ಯಾರ ಕೈಯಲ್ಲಿದೆ ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ.

ಇಲ್ಲಿ ಒಂದು ಗೊಂದಲ ಬಿಡಿಸಬೇಕು. ಅದೇ 2024ರ ಮಾರ್ಚ್‌ನಲ್ಲಿ ಸೆಬಿ ಸಣ್ಣ ಮತ್ತು ಮಧ್ಯಮ ರೀಟ್ (ರಿಯಲ್ ಎಸ್ಟೇಟ್ ಹೂಡಿಕೆ ಟ್ರಸ್ಟ್) ಎಂಬ ಹೊಸ ವ್ಯವಸ್ಥೆ ತಂದಿತು. 10 ಲಕ್ಷ ರೂಪಾಯಿ ಹಾಕಿ ಕಟ್ಟಡದ ಪಾಲು ಕೊಳ್ಳುವ ವ್ಯವಸ್ಥೆ ಅದು. ಕೆಲವು ಮಾರಾಟಗಾರರು ಅದನ್ನು ತೋರಿಸಿ, ಪಾಲು ಮಾರುವುದು ಈಗ ಕಾನೂನುಬದ್ಧ ಅನ್ನುತ್ತಾರೆ. ಕಟ್ಟಡಕ್ಕೆ ಸರಿ. ಆದರೆ ರೀಟ್ ನಿಯಮಗಳಲ್ಲೇ ಖಾಲಿ ಜಾಗ, ಕೃಷಿ ಜಮೀನು ಎರಡರಲ್ಲೂ ಹೂಡಬಾರದು ಅಂತ ಬರೆದಿದೆ. ಆ ಕೊಡೆ ಹೊಲದ ಮೇಲೆ ಬಿಚ್ಚುವುದಿಲ್ಲ.

ಹತ್ತು ಮಾವಿನ ಮರದ ಲೆಕ್ಕ

ಕಾಗದ ಎಲ್ಲ ಸರಿ ಇದೆ, ಜಮೀನು ನಿಮ್ಮ ಹೆಸರಿಗೇ ಆಗಿದೆ ಅಂತಿಟ್ಟುಕೊಳ್ಳಿ. ಲಾಭ ಎಷ್ಟು? ನಾನೇ ಒಂದು ಲೆಕ್ಕ ಹಾಕುತ್ತೇನೆ, ಅಂದಾಜಿನದು. ಕಾಲು ಎಕರೆಗೆ 25 ಲಕ್ಷ ಕೊಟ್ಟಿರಿ ಅನ್ನಿ. ಹತ್ತು ಮೀಟರ್ ಅಂತರದಲ್ಲಿ ಮಾವು ಹಾಕಿದರೆ ಎಕರೆಗೆ ನಲವತ್ತು ಮರ, ನಿಮ್ಮ ಪಾಲಿಗೆ ಹತ್ತು. ಮರಕ್ಕೆ ಒಂದು ಕ್ವಿಂಟಾಲ್ ಹಣ್ಣು, ಕಿಲೋಗೆ 30 ರೂಪಾಯಿ ಅಂದರೆ ಒಳ್ಳೆಯ ವರ್ಷದಲ್ಲಿ 30 ಸಾವಿರ. ಔಷಧಿ, ಕಾವಲು, ಕೊಯ್ಲು, ಸಾಗಣೆ ಕಳೆದರೆ ಅರ್ಧ ಉಳಿದರೆ ಹೆಚ್ಚು. 15 ಸಾವಿರ. 25 ಲಕ್ಷಕ್ಕೆ ಅದು ನೂರಕ್ಕೆ ಅರವತ್ತು ಪೈಸೆ. ಒತ್ತಾಗಿ ನೆಟ್ಟರೆ ಎರಡು ಮೂರು ಪಟ್ಟು ಆಗಬಹುದು. ಆಗಲೂ ಉಳಿತಾಯ ಖಾತೆಯ ಬಡ್ಡಿಯಷ್ಟೂ ಆಗುವುದು ಕಷ್ಟ.

ನೋಂದಣಿ ಖರ್ಚನ್ನು ಪಕ್ಕದಲ್ಲಿಡಿ. ಮುದ್ರಾಂಕ ಶುಲ್ಕ ಶೇ 5, ಅದರ ಮೇಲೆ ಸೆಸ್, ಸರ್ಚಾರ್ಜ್. ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ ಶೇ 2. ಎಲ್ಲ ಸೇರಿ ಏಳೂವರೆ ದಾಟುತ್ತದೆ. 25 ಲಕ್ಷಕ್ಕೆ ಹತ್ತಿರ ಹತ್ತಿರ 1 ಲಕ್ಷ 90 ಸಾವಿರ. ಆ ಹತ್ತು ಮಾವಿನ ಮರ ನೋಂದಣಿಯ ಖರ್ಚು ತೀರಿಸಲೇ ಹದಿಮೂರು ವರ್ಷ ಹಣ್ಣು ಬಿಡಬೇಕು.

ಅಡಿಕೆ ಆದರೆ ಬೇರೆ ಅಲ್ವಾ ಅಂತ ನಮ್ಮ ಮಲೆನಾಡಿನವರು ಕೇಳುತ್ತಾರೆ. ಹೌದು, ಒಂಬತ್ತು ಅಡಿ ಅಂತರದಲ್ಲಿ ಎಕರೆಗೆ ಐನೂರು ಚಿಲ್ಲರೆ ಮರ ಹಿಡಿಸುತ್ತದೆ, ಧಾರಣೆ ಚೆನ್ನಾಗಿದ್ದರೆ ಲೆಕ್ಕ ಚೆಂದ ಕಾಣುತ್ತದೆ. ಆದರೆ ಸಸಿ ಫಸಲಿಗೆ ಬರಲು ಐದಾರು ವರ್ಷ ಬೇಕು. ನಡುವೆ ಕೊಳೆರೋಗ ಇದೆ, ಗೊನೆ ತೆಗೆಯುವವರ ಕೊರತೆ ಇದೆ, ಬೇಸಿಗೆಯಲ್ಲಿ ಬತ್ತುವ ಬೋರ್‌ವೆಲ್ ಇದೆ. ಸಕಲೇಶಪುರ, ಆಲೂರಿನ ಕಡೆ ಕಾಫಿ ತೋಟಕ್ಕೆ ಆನೆ ಬರುತ್ತದೆ. ಬೆಂಗಳೂರಿನಲ್ಲಿ ಕೂತು ಡ್ಯಾಶ್‌ಬೋರ್ಡ್ ನೋಡಿದರೆ ಆನೆ ಕಾಣುವುದಿಲ್ಲ.

ಶ್ರೀಗಂಧದ ಲೆಕ್ಕ ಎಲ್ಲಕ್ಕಿಂತ ಆಸೆ ಹುಟ್ಟಿಸುವಂಥದ್ದು. ಮೊದಲು ನಮ್ಮ ಹೊಲದಲ್ಲಿ ತಾನಾಗಿ ಹುಟ್ಟಿದ ಗಂಧದ ಮರವೂ ಸರ್ಕಾರದ್ದೇ ಆಗಿತ್ತು. 2001ರ ತಿದ್ದುಪಡಿಯಿಂದ ಜಮೀನಿನವನೇ ಮರದ ಒಡೆಯ ಆದ. ಅಲ್ಲಿಂದ ಬ್ರೋಷರುಗಳಲ್ಲಿ ಹದಿನೈದು ವರ್ಷಕ್ಕೆ ಕೋಟಿ ಎಂಬ ಗುಣಾಕಾರ ಶುರುವಾಯಿತು. ಗಂಧ ಪಕ್ಕದ ಗಿಡದ ಬೇರಿನಿಂದ ಸತ್ವ ಹೀರಿ ಬದುಕುವ ಮರ. ಆಸರೆ ಗಿಡ ಸರಿಯಾಗಿ ನೆಡದಿದ್ದರೆ ಸೊರಗುತ್ತದೆ. ಬೆಲೆ ಇರುವುದು ಒಳಗಿನ ಚೇಗಿಗೆ. ಅದು ಕಟ್ಟಲು ವರ್ಷಗಳು ಬೇಕು, ಎಲ್ಲ ಮರದಲ್ಲೂ ಒಂದೇ ಸಮ ಕಟ್ಟುವುದಿಲ್ಲ. ಚೇಗು ಕಟ್ಟಿದ ದಿನದಿಂದ ಕಳ್ಳರ ಕಾಟ. ಹದಿನೈದು ವರ್ಷದ ಬೇಲಿ, ಕ್ಯಾಮೆರಾ, ಕಾವಲಿನ ಖರ್ಚನ್ನು ಯಾರೂ ಆ ಗುಣಾಕಾರದಲ್ಲಿ ಹಾಕುವುದಿಲ್ಲ.

ಹಾಗಾದರೆ ಜಮೀನು ಕೊಂಡವರು ದುಡ್ಡು ಮಾಡಿಲ್ಲವೇ? ಮಾಡಿದ್ದಾರೆ. ಬೆಳೆಯಿಂದಲ್ಲ, ಜಮೀನಿನ ಬೆಲೆ ಏರಿದ್ದರಿಂದ. ಹೆದ್ದಾರಿ ಬಂತು, ವಿಮಾನ ನಿಲ್ದಾಣ ಬಂತು, ಪಕ್ಕದ ಊರು ದೊಡ್ಡದಾಯಿತು. ನೀವು ನಿಜವಾಗಿ ಪಣ ಕಟ್ಟುತ್ತಿರುವುದು ಅದರ ಮೇಲೆ. ಆದರೆ ಎಕರೆ ಲೆಕ್ಕದಲ್ಲಿ ರೈತನಿಂದ ಕೊಂಡು ಗುಂಟೆ ಲೆಕ್ಕದಲ್ಲಿ ನಿಮಗೆ ಮಾರುವಾಗ, ಮುಂದಿನ ಹತ್ತು ವರ್ಷದ ಏರಿಕೆಯನ್ನು ಕಂಪನಿ ಇವತ್ತೇ ತೆಗೆದುಕೊಂಡಿರಬಹುದು. ಇದನ್ನು ತಿಳಿಯಲು ಸುಲಭ ದಾರಿ ಇದೆ. ಅದೇ ಊರಿನ ಚಹಾ ಅಂಗಡಿಯಲ್ಲಿ ಕೂತು, ಇಲ್ಲಿ ಎಕರೆ ಹೇಗೆ ನಡೀತಿದೆ ಅಂತ ಕೇಳಿ. ಬಂದ ಉತ್ತರವನ್ನು ನಲವತ್ತರಿಂದ ಭಾಗಿಸಿ.

ತೆರಿಗೆ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಬೇಸಾಯದ ಆದಾಯಕ್ಕೆ ಆದಾಯ ತೆರಿಗೆ ಇಲ್ಲ, ನಿಜ. ಆದರೆ ಬೇರೆ ಆದಾಯ ಇರುವವರ ತೆರಿಗೆಯ ದರ ಲೆಕ್ಕ ಹಾಕುವಾಗ ಇದನ್ನೂ ಸೇರಿಸುತ್ತಾರೆ. ಕಾಫಿ ಬೆಳೆದು ಕ್ಯೂರಿಂಗ್ ಮಾಡಿ ಮಾರಿದರೆ ಕಾಲು ಭಾಗವನ್ನು ವ್ಯಾಪಾರದ ಆದಾಯ ಅಂತ ಹಿಡಿಯುತ್ತಾರೆ. ಬೆಳೆ ಬಂದರೂ ಬರದಿದ್ದರೂ ತಿಂಗಳಿಗೆ ಇಷ್ಟು ಅಂತ ಕಂಪನಿ ಕೊಡುವ ಹಣ ಬೇಸಾಯದ್ದು ಅಂತ ತೆರಿಗೆ ಇಲಾಖೆ ಒಪ್ಪಬೇಕಿಲ್ಲ. ಮಾರುವಾಗ ಹಳ್ಳಿಯ ಕೃಷಿ ಜಮೀನಿನ ಲಾಭಕ್ಕೆ ತೆರಿಗೆ ಬೀಳುವುದಿಲ್ಲ. ಆದರೆ ಹಳ್ಳಿ ಅಂದರೆ ಯಾವುದು ಎಂಬುದಕ್ಕೆ ಅಳತೆ ಇದೆ. ಹತ್ತು ಲಕ್ಷ ಮೀರಿದ ಜನಸಂಖ್ಯೆಯ ನಗರದ ಗಡಿಯಿಂದ ನೇರ ಅಳತೆಯಲ್ಲಿ 8 ಕಿಲೋಮೀಟರ್ ಆಚೆ ಇರಬೇಕು, ಸಣ್ಣ ಊರಾದರೆ 6 ಅಥವಾ 2. ಊರು ಬೆಳೆದಂತೆ ಆ ಗಡಿಯೂ ಸರಿಯುತ್ತದೆ.

ಹೊರದೇಶದಲ್ಲಿರುವ ಕನ್ನಡಿಗರು ಇದನ್ನು ಓದುತ್ತಿದ್ದರೆ ಒಂದು ಮಾತು. ಅನಿವಾಸಿ ಭಾರತೀಯರು, ಒಸಿಐ ಕಾರ್ಡ್ ಇದ್ದವರು (ಭಾರತೀಯ ಮೂಲದ ವಿದೇಶಿ ಪ್ರಜೆಗಳು) ರಿಸರ್ವ್ ಬ್ಯಾಂಕಿನ ಅನುಮತಿ ಇಲ್ಲದೆ ಭಾರತದಲ್ಲಿ ಕೃಷಿ ಜಮೀನು, ಪ್ಲಾಂಟೇಶನ್, ಫಾರ್ಮ್ ಹೌಸ್ ಕೊಳ್ಳುವಂತಿಲ್ಲ. ತಂದೆ ತಾಯಿಯಿಂದ ಪಿತ್ರಾರ್ಜಿತವಾಗಿ ಬಂದರೆ ಇಟ್ಟುಕೊಳ್ಳಬಹುದು. ಮಾರುವುದಾದರೆ ಇಲ್ಲಿಯೇ ಇರುವ ಭಾರತೀಯನಿಗೇ ಮಾರಬೇಕು. 2020ರ ತಿದ್ದುಪಡಿ ರಾಜ್ಯದ್ದು, ಈ ನಿಯಮ ಕೇಂದ್ರದ್ದು. ಅದು ಬದಲಾದ ಮಾತ್ರಕ್ಕೆ ಇದು ಬದಲಾಗಲಿಲ್ಲ. ಆದರೂ ಡಾಲರಿನಲ್ಲಿ ಬೆಲೆ ಬರೆದ ಜಾಹೀರಾತು ಅವರ ಫೋನಿಗೇ ಹೋಗುತ್ತದೆ. ಅಪ್ಪನ ಹೆಸರಿನಲ್ಲಿ ಕೊಳ್ಳೋಣ ಅನ್ನುವವರಿದ್ದಾರೆ. ಆಗ ಅದು ಅಪ್ಪನ ಜಮೀನು. ಉಯಿಲು ಬರೆಯದಿದ್ದರೆ ಅಕ್ಕ ತಂಗಿಯರಿಗೂ ಪಾಲು, ಬೇನಾಮಿ ಎಂಬ ಪ್ರಶ್ನೆಯೂ ಏಳಬಹುದು.

ಇನ್ನು ಬೇಕಾದಾಗ ಮಾರಿ ಹೊರಬರುವ ಮಾತು. ಷೇರಾದರೆ ಬೆಳಿಗ್ಗೆ ಮಾರಿದರೆ ಆಯಿತು. ಹತ್ತು ಗುಂಟೆಗೆ ಗಿರಾಕಿ ಯಾರು? ಪಕ್ಕದ ರೈತನಿಗೆ ಅದು ದುಬಾರಿ, ಜೊತೆಗೆ ಅವನ ನೇಗಿಲು ತಿರುಗಿಸಲೂ ಸಾಲದ ಜಾಗ. ನಗರದವನಿಗೆ ಅದೇ ಕಂಪನಿ ಹೊಸ ಪ್ಲಾಟನ್ನು ಹೊಸ ಈಜುಕೊಳದ ಚಿತ್ರದೊಂದಿಗೆ ಮಾರುತ್ತಿರುತ್ತದೆ. ನಾವೇ ವಾಪಸ್ ಕೊಳ್ಳುತ್ತೇವೆ ಅಂತ ಬಾಯಿಮಾತಿನಲ್ಲಿ ಹೇಳಿದ್ದರೆ, ಅದು ಕರಾರಿನಲ್ಲಿ ಯಾವ ಬೆಲೆಗೆ, ಎಷ್ಟು ದಿನದೊಳಗೆ ಅಂತ ಬರೆದಿದೆಯೇ? ಬರೆದಿದ್ದರೂ ಕೊಡಲು ಆ ಕಂಪನಿ ಆಗ ಇರಬೇಕು.

ನಮ್ಮ ಚಿಕ್ಕಪ್ಪನ ಮಗ ಸರ್ವೆ ನಂಬರ್ ಕೇಳಿದ. ಟೋಕನ್ ಕಟ್ಟಿದ ಮೇಲೆ ಕೊಡುತ್ತೇವೆ ಅಂದರು. ಇವನು ಹಟ ಹಿಡಿದ. ವಾರ ಬಿಟ್ಟು ವಾಟ್ಸ್ಆ್ಯಪಿನಲ್ಲಿ ಒಂದು ನಂಬರ್ ಬಂತು. ಭಾನುವಾರ ಇಬ್ಬರೂ ಕಾರಿನಲ್ಲಿ ಹೋದೆವು. ಕಂಪನಿಯ ಹುಡುಗ ಬಣ್ಣದ ಕಲ್ಲು ನೆಟ್ಟ ಜಾಗಕ್ಕೆ ಕರೆದುಕೊಂಡು ಹೋಗಿ, ಸರ್, ಇದೇ ನಿಮ್ಮದು ಅಂದ. ಇವನು ಅಲ್ಲೇ ನಿಂತು ಸರ್ಕಾರದ ದಿಶಾಂಕ್ ಆ್ಯಪ್ ತೆರೆದ. ನಿಂತ ಜಾಗದ ಸರ್ವೆ ನಂಬರ್ ತೋರಿಸುವ ಆ್ಯಪ್ ಅದು, ಹತ್ತಿಪ್ಪತ್ತು ಅಡಿ ಹಿಂದೆ ಮುಂದೆ ಆಗಬಹುದು. ಪರದೆ ಮೇಲೆ ಬಂದ ನಂಬರ್ ಬೇರೆ. ನಾಲ್ಕು ಮೂಲೆಗೂ ನಡೆದು ನೋಡಿದ, ನಾಲ್ಕರಲ್ಲೂ ಅದೇ. ಹುಡುಗ ಯಾರಿಗೋ ಫೋನ್ ಮಾಡುತ್ತಾ ಗೇಟಿನ ಕಡೆ ಹೋದ. ಮಳೆ ಹನಿಯತೊಡಗಿತ್ತು. ನಾವು ಊರೊಳಗೆ ಬಂದು ಬಿಸಿ ಅಕ್ಕಿ ರೊಟ್ಟಿ ತಿಂದೆವು. ಆ ಹೋಟೆಲಿನವರನ್ನೇ ಕೇಳಿದೆ, ಇಲ್ಲಿ ಎಕರೆ ಹೇಗೆ ನಡೀತಿದೆ ಅಂತ. ಅವರು ಹೇಳಿದ ರೇಟನ್ನು ಇವನು ಫೋನಿನಲ್ಲೇ ನಲವತ್ತರಿಂದ ಭಾಗಿಸಿದ. ಇನ್ನೊಂದು ಸಲ ಭಾಗಿಸಿದ. ಆಮೇಲೆ ಇನ್ನೆರಡು ರೊಟ್ಟಿ ಹೇಳಿದ.